ಟೆನಿಸ್ಸಿನ ನ್ಯಾಯವೂ ಆಟಿಯ ಕಷಾಯವೂ

ಕಾಪು ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅದರ ಗೋಡೆಯ ಮೇಲಿನ ಟಿವಿಯಲ್ಲಿ ಟೆನಿಸ್ ಬಿಟ್ಟು ಬೇರೇನೂ ಓಡುವುದಿಲ್ಲವೆಂಬುದು ಊರಿಗೆಲ್ಲ ಗೊತ್ತು. ಕ್ರಿಕೆಟ್ ಇರುವ ದಿನ ಗಿರಾಕಿಗಳು ಜ್ವರದ ಮಾತ್ರೆ ಕೇಳುವ ನೆಪದಲ್ಲಿ ಬಂದು, ಸ್ಕೋರ್ ಎಷ್ಟು ಎಂದು ಟಿವಿಯತ್ತ ಕತ್ತು ಚಾಚುತ್ತಾರೆ. "ಫಾರ್ಟಿ ಲವ್" ಎನ್ನುತ್ತೇನೆ. ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಮೀನು ಮಾರುವ ಹೆಂಗಸೊಬ್ಬರು ಮಾತ್ರ ಒಮ್ಮೆ ಬುಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿ, "ಇಷ್ಟು ಸಣ್ಣ ಬಾಲಿಗೆ ಇಷ್ಟು ಬೊಬ್ಬೆ ಯಾಕಮ್ಮ?" ಎಂದು ಕೇಳಿದ್ದರು. ಬೊಬ್ಬೆ ಹೊಡೆಯುತ್ತಿದ್ದದ್ದು ಆಟಗಾರರಲ್ಲ, ನಾನು.

ಆ ವರ್ಷ ಮಳೆಗಾಲಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಯುರೋಪಿನ ಮಣ್ಣಿನ ಕೋರ್ಟುಗಳಲ್ಲಿ ಆಟ ನಡೆಯುವ ಕಾಲ. ಮಧ್ಯಾಹ್ನ ಊಟ ಮುಗಿಸಿ ಬಂದು ಟಿವಿ ಹಾಕಿದರೆ ಆಟದ ಬದಲು ಸುದ್ದಿ ಬರುತ್ತಿತ್ತು. ನಾನು ವರ್ಷಗಳಿಂದ ತಲೆಯ ಮೇಲೆ ಹೊತ್ತು ಮೆರೆಸಿದ ಆಟಗಾರ್ತಿಯ ಮೂತ್ರದಲ್ಲಿ ನಿಷೇಧಿತ ಔಷಧ ಸಿಕ್ಕಿತ್ತಂತೆ. ಸಿಕ್ಕಿದ್ದು ಈಗಲ್ಲ, ತಿಂಗಳುಗಳ ಹಿಂದೆ. ಅವಳ ವಕೀಲರು ಎರಡೇ ದಿನದಲ್ಲಿ ಮೇಲ್ಮನವಿ ಹಾಕಿ, ಅಮಾನತನ್ನು ತೆರವು ಮಾಡಿಸಿದ್ದರು, ಅವಳು ಏನೂ ಆಗದವಳಂತೆ ಆಡುತ್ತಲೇ ಇದ್ದಳು. ನಾವು ಮೂರ್ಖರಂತೆ ಚಪ್ಪಾಳೆ ಹೊಡೆಯುತ್ತಿದ್ದೆವು. ಈಗ ವಿಚಾರಣೆ ಮುಗಿದು ಕೆಲವೇ ತಿಂಗಳ ಶಿಕ್ಷೆ. ಅವಳು ತಿನ್ನುತ್ತಿದ್ದ ವಿಟಮಿನ್ ಪುಡಿಯಲ್ಲಿ ಅದು ಬೆರೆತುಹೋಗಿತ್ತಂತೆ, ಅವಳಿಗೆ ಗೊತ್ತೇ ಇರಲಿಲ್ಲವಂತೆ.

ನಾನು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಮನೆಯವರೇ ಯಾರೋ ಮೋಸ ಮಾಡಿದಷ್ಟು ಆಘಾತವಾಗಿತ್ತು. ಆ ಹುಡುಗಿ ಸೋತಾಗ ನಾನು ರಾತ್ರಿ ಊಟ ಬಿಟ್ಟದ್ದುಂಟು.

ಪಕ್ಕದಲ್ಲಿ ಬಾಯಮ್ಮ ಇದ್ದರು. ಅವರು ನನ್ನ ನೆರೆಮನೆಯವರು, ಕೆಮ್ಮಣ್ಣು ಎಂಬ ಊರಿನ ಕೊಂಕಣಿ ಕ್ರಿಶ್ಚಿಯನ್ ಮನೆತನದ ಹೆಂಗಸು. ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಕಾಪುವಿನಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ನನಗೆ ಟೆನಿಸ್ಸಿನ ರುಚಿ ಹತ್ತಿಸಿದವರೇ ಅವರು. ನಾವಿಬ್ಬರೂ ಎಂದೂ ಒಂದೇ ಆಟಗಾರ್ತಿಯ ಪರವಾಗಿ ಇದ್ದದ್ದಿಲ್ಲ.

"ಪಾಪ, ಅವಳಿಗೆ ಗೊತ್ತಿರ್ಲಿಕ್ಕಿಲ್ಲ ಮಾರಾಯ್ತಿ," ಎಂದರು ಬಾಯಮ್ಮ.

"ಎಂತ ಪಾಪ? ನಾನು ಔಷಧಿ ಅಂಗಡಿ ಇಟ್ಟವಳು ಬಾಯಮ್ಮ. ಈ ಪುಡಿಯ ಕತೆ ನನ್ನ ಹತ್ರ ಬೇಡ. ಯಾರ ದೇಹವೋ ಅವರದ್ದೇ ಜವಾಬ್ದಾರಿ. ಒಳಗೆ ಎಂತ ಹೋಯ್ತು ಅಂತ ಗೊತ್ತಿಲ್ಲದಿದ್ರೆ ಆಡ್ಲಿಕ್ಕೆ ಬರಬಾರದು."

"ನೀನು ಇವತ್ತು ತಿಂದ ಸಾಂಬಾರಿನಲ್ಲಿ ಎಂತೆಲ್ಲ ಉಂಟು ಅಂತ ನಿಂಗೆ ಗೊತ್ತುಂಟಾ?"

"ನಾನೇ ಮಾಡಿದ ಸಾಂಬಾರು. ಗೊತ್ತಿಲ್ಲದೆ ಎಂತ?"

ಬಾಯಮ್ಮ ನಕ್ಕು ಸುಮ್ಮನಾದರು. ಅವರು ಜಗಳದಲ್ಲಿ ಮೊದಲು ಸುಮ್ಮನಾಗುವವರು. ಅದೂ ನನಗೆ ಸಿಟ್ಟು ಬರಿಸುವ ವಿಷಯವೇ.

ಅಂದು ಸಂಜೆಯವರೆಗೆ ಬಂದ ಗಿರಾಕಿಗಳೆಲ್ಲ ನನ್ನ ಭಾಷಣ ಕೇಳಿಕೊಂಡೇ ಹೋದರು. ಟೆನಿಸ್ಸಿನಲ್ಲಿ ನ್ಯಾಯವೇ ಇಲ್ಲ ಎಂಬುದು ಅದರ ತಿರುಳು. ಸೋಲುವ ಹೊತ್ತಿಗೆ ಸರಿಯಾಗಿ ಶೌಚಕ್ಕೆ ಹೊರಡುವವರು, ಎದುರಾಳಿ ಸರ್ವ್ ಮಾಡಲು ನಿಂತಾಗ ಸೊಂಟ ಹಿಡಿದುಕೊಂಡು ಡಾಕ್ಟರನ್ನು ಕರೆಸುವವರು, ಹೆಸರಿದ್ದವರಿಗೆ ತಂಪು ಹೊತ್ತಿನ ಆಟ, ಹೆಸರಿಲ್ಲದವರಿಗೆ ಸುಡುವ ಮಧ್ಯಾಹ್ನದ ಮೂಲೆಯ ಕೋರ್ಟು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಬೇರೆ. ಯಾರೂ ಹೆಸರು ಕೇಳದ ಸಣ್ಣ ಆಟಗಾರರು ಇಂಥದ್ದೇ ತಪ್ಪಿಗೆ ಸಿಕ್ಕಿಬಿದ್ದರೆ, ತಮ್ಮ ಪುಡಿಯ ಡಬ್ಬಿಯನ್ನು ಪರೀಕ್ಷೆ ಮಾಡಿಸುವಷ್ಟರಲ್ಲಿ ಅವರ ಆಟದ ವಯಸ್ಸೇ ಮುಗಿದಿರುತ್ತದೆ. ಅವರಿಗೆ ಇಲ್ಲದ ರಿಯಾಯಿತಿ ಇವಳಿಗೂ ಬೇಡ, ಎಲ್ಲರನ್ನೂ ಸಮವಾಗಿ ಹೊರಗೆ ಹಾಕಿ ಎಂಬುದು ನನ್ನ ತೀರ್ಪು. ಕೆಮ್ಮಿನ ಸಿರಪ್ಪಿಗೆಂದು ಬಂದ ಮಾಸ್ಟ್ರೊಬ್ಬರು ಸಿರಪ್ ಮರೆತು ಹೋಗಿ ಮರುದಿನ ಮತ್ತೆ ಬರಬೇಕಾಯಿತು.

ಮಣ್ಣಿನ ಕೋರ್ಟು ನನಗೆ ಇಷ್ಟವಾಗಲು ಕಾರಣ ಅದರಲ್ಲಿ ಗುರುತು ಉಳಿಯುವುದು. ಬೇರೆ ಕಡೆ ಬಾಲು ಬಿದ್ದದ್ದು ಎಲ್ಲಿ ಎಂದು ಯಂತ್ರ ಹೇಳಬೇಕು. ಮಣ್ಣಿನಲ್ಲಿ ಬಾಲೇ ಬರೆದು ಹೋಗುತ್ತದೆ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಬೆರಳು ತೋರಿಸಿ ಒಳಗೋ ಹೊರಗೋ ಹೇಳುತ್ತಾರೆ. ಒಮ್ಮೊಮ್ಮೆ ಅವರು ಹಿಂದಿನ ಬಾಲಿನ ಗುರುತನ್ನೇ ಈಗಿನದೆಂದು ತಿಳಿದು ತೀರ್ಪು ಕೊಟ್ಟುಬಿಡುವುದೂ ಇದೆ. ಆಗ ನಾನು ಟಿವಿಗೆ ಬೈಯುತ್ತಿದ್ದೆ. ಗುರುತು ಸರಿಯೇ ಇದೆ ಮಾರಾಯಾ, ನೀನು ನೋಡಿದ್ದು ಬೇರೆ ಗುರುತು!

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ನನ್ನ ಅಕ್ಕನ ಮಗಳು ಟೆನಿಸ್ ಆಡುತ್ತಾಳೆ. ಅಕ್ಕನ ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ಭಾವ ಕಾರ್ಕಳ–ಉಡುಪಿ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಹುಡುಗಿ ಸಣ್ಣವಳಿದ್ದಾಗ ರಜೆಯಲ್ಲಿ ನಮ್ಮ ಮನೆಗೆ ಬಂದು, ಅಂಗಡಿಯ ಟಿವಿ ನೋಡಿ, ಹಿಂಬದಿಯ ಗೋಡೆಗೆ ಬಾಲು ಹೊಡೆದು ಹೊಡೆದು ಆಟ ಹಚ್ಚಿಕೊಂಡಳು. ಆಮೇಲೆ ಮಣಿಪಾಲದ ಒಂದು ಕೋರ್ಟಿನಲ್ಲಿ ಕಲಿಯಲು ಸೇರಿದಳು. ಬೆಳಗ್ಗಿನ ಮೊದಲ ಟ್ರಿಪ್ಪಿನಲ್ಲಿ ಭಾವ ಅವಳನ್ನು ತನ್ನ ಹಿಂದಿನ ಸೀಟಿನಲ್ಲಿ ಕೂರಿಸಿ, ರ‍್ಯಾಕೆಟನ್ನು ಗೇರಿನ ಪಕ್ಕ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಈಗ ಮಣಿಪಾಲದಲ್ಲೇ ಕಾಲೇಜು, ಹಾಸ್ಟೆಲು. ರಾಜ್ಯ ತಂಡದ ತರಬೇತಿಗೆ ಆಯ್ಕೆಯಾಗುವ ಹಂತಕ್ಕೆ ಬಂದಿದ್ದಳು.

ಅವಳ ಆಟ ನೋಡಲು ಹೋದರೆ ನನ್ನ ರಕ್ತ ಕುದಿಯುತ್ತಿತ್ತು. ಸಣ್ಣ ಪಂದ್ಯಗಳಿಗೆ ಅಂಪೈರ್ ಇರುವುದಿಲ್ಲ. ತನ್ನ ಅಂಕಣದಲ್ಲಿ ಬಿದ್ದ ಬಾಲು ಒಳಗೋ ಹೊರಗೋ ಎಂದು ಆಡುವವರೇ ಹೇಳಬೇಕು, ಅನುಮಾನವಿದ್ದರೆ ಪಾಯಿಂಟು ಎದುರಾಳಿಗೆ. ಇದು ಆಟದ ಕ್ರಮ. ಎಲ್ಲರೂ ಈ ಅನುಮಾನವನ್ನು ತಮ್ಮ ಕಡೆಗೆ ಸ್ವಲ್ಪ ಬಗ್ಗಿಸಿಕೊಳ್ಳುತ್ತಾರೆ. ಇವಳು ಮಾತ್ರ ಇಲ್ಲ. ಒಮ್ಮೆ ಸೆಟ್ಟು ಗೆಲ್ಲುವ ಪಾಯಿಂಟಿನಲ್ಲಿ ಎದುರಿನವಳೇ ತಾನು ಹೊಡೆದದ್ದು ಹೊರಗೆ ಎಂದುಕೊಂಡು ಬೆನ್ನು ತಿರುಗಿಸಿದ್ದಳು. ಇವಳು ಬಗ್ಗಿ ಗುರುತು ನೋಡಿ, "ಒಳಗೆ ಉಂಟು, ನಿನ್ನದೇ ಪಾಯಿಂಟು," ಎಂದು ಕರೆದು ಕೊಟ್ಟಳು. ಕೊನೆಗೆ ಸೋತಳು.

"ನಿಂಗೆ ತಲೆ ಸರಿ ಉಂಟಾ?" ಎಂದು ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಂಡು ಬಂದೆ.

"ನಾನು ನೋಡಿದೆ ಚಿಕ್ಕಮ್ಮ. ನೋಡಿದ ಮೇಲೆ ಎಂತ ಮಾಡುದು?" ಎಂದಳು. ನಾನು ಅವಳಿಗೆ ಚರುಂಬುರಿ ಕೊಡಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಹೆಮ್ಮೆಯೂ ಆಗಿತ್ತು.

ಔಷಧಿಯ ವಿಷಯದಲ್ಲಂತೂ ಅವಳಿಗೆ ನಾನೇ ಪೊಲೀಸು. ಶೀತದ ಮಾತ್ರೆ, ಕೆಮ್ಮಿನ ಸಿರಪ್, ನೋವಿನ ಮುಲಾಮು, ಯಾವುದನ್ನೂ ನನ್ನನ್ನು ಕೇಳದೆ ಮುಟ್ಟಬಾರದು. ಅವಳು ಹಾಸ್ಟೆಲಿನಿಂದ ಡಬ್ಬಿಯ ಫೋಟೋ ಕಳಿಸುತ್ತಿದ್ದಳು, ನಾನು ನಿಷೇಧದ ಪಟ್ಟಿ ಹುಡುಕಿ ನೋಡಿ ಆಮೇಲೆ ಹೂಂ ಎನ್ನುತ್ತಿದ್ದೆ. ಅಂಗಡಿಯಲ್ಲಿ ಸಿಗುವುದೆಲ್ಲ ನನ್ನ ಕಾವಲಿನಲ್ಲಿತ್ತು.

ಆಟಿ ಅಮಾವಾಸ್ಯೆಗೆ ನಾನು ಕುಕ್ಕುಂದೂರಿಗೆ ಹೋಗಿದ್ದೆ. ಹುಡುಗಿಯೂ ಬಂದಿದ್ದಳು, ಮರುದಿನ ಹೊರಗಿನ ಊರಿನ ಒಂದು ಟೂರ್ನಿಗೆ ಹೊರಡುವವಳಿದ್ದಳು. ಆಟಿ ಎಂದರೆ ನಮ್ಮ ತುಳುವರಿಗೆ ಜಡಿಮಳೆಯ ತಿಂಗಳು. ಆ ಅಮಾವಾಸ್ಯೆಯಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯಲೇಬೇಕು. ವರ್ಷದ ಕಾಯಿಲೆಯನ್ನೆಲ್ಲ ಅದು ತಡೆಯುತ್ತದೆಂದು ನಂಬಿಕೆ. ತೊಗಟೆ ತೆಗೆಯುವುದು ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲಿ, ದೀಪವಿಲ್ಲದೆ. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಹಿಂದೆ ಮೈಮೇಲೆ ಬಟ್ಟೆಯೂ ಇರಬಾರದಿತ್ತಂತೆ. ಭಾವನಿಗೆ ಅಷ್ಟು ಧೈರ್ಯವಿಲ್ಲ, ಸೊಂಟಕ್ಕೆ ಬೈರಾಸು ಸುತ್ತಿಕೊಂಡೇ ಹೋಗುತ್ತಾರೆ.

ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಹೋಗಿ ಪಾಲೆಯ ಬುಡದಲ್ಲಿ ಒಂದು ಬಿಳಿಕಲ್ಲು ಇಟ್ಟು ಬರುವುದು ಭಾವನ ಪದ್ಧತಿ. ಬೆಳಗ್ಗೆ ಪಾದಕ್ಕೆ ಆ ಕಲ್ಲು ತಾಗಿದರೆ ಅದೇ ಮರ. ಅವರ ಕೈಯ ತೊಗಟೆಗೆ ಊರಲ್ಲಿ ಹೆಸರಿತ್ತು. ಅಕ್ಕಪಕ್ಕದ ಮನೆಗಳಿಗೆಲ್ಲ ಅವರೇ ತಂದು ಕೊಡುತ್ತಿದ್ದರು. ಆ ದಿನವೂ ತಂದು ಹಂಚಿದರು. ಮನೆಗೆ ಉಳಿದದ್ದನ್ನು ನೋಡಿ, "ಇವತ್ತು ಚಿಕ್ಕಮ್ಮ ಒಬ್ಬರು ಹೆಚ್ಚು ಇದ್ದಾರಲ್ಲ," ಎಂದು ಇನ್ನೊಂದು ತುಂಡು ತರಲು ಮತ್ತೆ ಗುಡ್ಡೆ ಇಳಿದರು. ಹೊರಗೆ ಇನ್ನೂ ಕತ್ತಲು, ಮಳೆ ಬಿಟ್ಟಿರಲಿಲ್ಲ.

ಅಕ್ಕ ಎಲ್ಲವನ್ನೂ ಒಟ್ಟಿಗೆ ಜಜ್ಜಿ, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ರಸ ತೆಗೆದು, ಕೆಂಡದಲ್ಲಿ ಕಾಯಿಸಿದ ಕಲ್ಲನ್ನು ಅದರೊಳಗೆ ಅದ್ದಿದಳು. ನಾವು ಸಾಲಾಗಿ ನಿಂತು ಕಣ್ಣು ಮುಚ್ಚಿ ಕುಡಿದೆವು. ಕಹಿ ಪ್ರತಿವರ್ಷವೂ ಇರುವುದೇ. ಈ ಸಲ ನಾಲಿಗೆಯಿಂದ ಹೋಗಲೇ ಇಲ್ಲ. ಮೆಂತೆ ಗಂಜಿ ಉಂಡೆವು, ಬೆಲ್ಲ ತಿಂದೆವು. ಮಧ್ಯಾಹ್ನದ ಹೊತ್ತಿಗೆ ನನಗೆ ಕುತ್ತಿಗೆ ಬಿಗಿದು ದವಡೆ ನೋಯತೊಡಗಿತು. ಭಾವನಿಗೂ ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಎಲ್ಲ ಥಂಡಿ ಗಾಳಿಯದ್ದು ಎಂದುಕೊಂಡು ಚಾಪೆ ಹಾಸಿ ಮಲಗಿದೆವು. ಹುಡುಗಿ ಅರ್ಧ ಲೋಟ ಮಾತ್ರ ಕುಡಿದಿದ್ದಳು. ಮರುದಿನ ಚೀಲ ಹೆಗಲಿಗೇರಿಸಿಕೊಂಡು ಹೋದಳು, ಎರಡು ಸುತ್ತು ಗೆದ್ದಳು. ಅಲ್ಲಿ ಪರೀಕ್ಷೆಗೆ ಮೂತ್ರ ತೆಗೆದುಕೊಂಡರಂತೆ. ಇತ್ತೀಚೆಗೆ ಏನು ಔಷಧಿ ತಗೊಂಡಿದ್ದೀರಿ ಎಂದು ಕೇಳಿದ್ದಕ್ಕೆ ಏನೂ ಇಲ್ಲ ಎಂದಿದ್ದಳು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆಟಿಯ ಕಷಾಯವನ್ನು ನಮ್ಮಲ್ಲಿ ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಹಬ್ಬದ್ದು.

ಚೌತಿ ಕಳೆದ ಮೇಲೆ ಒಂದು ಬೆಳಗ್ಗೆ ಅವಳ ಫೋನು ಬಂತು. "ಚಿಕ್ಕಮ್ಮ, ಒಂದು ಕಳಿಸಿದ್ದೇನೆ, ನೋಡಿ," ಎಂದು ಇಟ್ಟಳು. ಅವಳಿಗೆ ಬಂದ ಇಮೇಲಿನ ಚಿತ್ರ. ಅವಳ ಮೂತ್ರದಲ್ಲಿ ನಿಷೇಧಿತ ಉತ್ತೇಜಕ ಸಿಕ್ಕಿದೆ, ತನಿಖೆ ಮುಗಿಯುವವರೆಗೆ ಯಾವ ಪಂದ್ಯದಲ್ಲೂ ಆಡುವಂತಿಲ್ಲ. ಔಷಧದ ಹೆಸರು ಸ್ಟ್ರಿಕ್ನಿನ್.

ಕೌಂಟರಿನ ಮುಂದೆ ಗಿರಾಕಿಯೊಬ್ಬರು ಬಿಪಿ ಮಾತ್ರೆಗೆ ಕಾಯುತ್ತಿದ್ದರು. ಅವರ ಕಡೆ ನೋಡುತ್ತಲೇ ಇದ್ದೆ, ಅವರು ಕೇಳುತ್ತಿದ್ದದ್ದು ಕಿವಿಗೆ ಬೀಳುತ್ತಿರಲಿಲ್ಲ. ಸ್ಟ್ರಿಕ್ನಿನ್ ಎಂದರೆ ಇಲಿ ಕೊಲ್ಲಲು ಬಳಸುತ್ತಿದ್ದ ವಿಷ. ಹಿಂದಿನ ಕಾಲದಲ್ಲಿ ಓಟಗಾರರು ಹುರುಪಿಗೆಂದು ಅದನ್ನು ಚೂರು ನೆಕ್ಕುತ್ತಿದ್ದರೆಂದು ಓದಿದ್ದೆ. ಯಾರು ಕೊಟ್ಟರು ಇವಳಿಗೆ? ಜೊತೆಯ ಹುಡುಗಿಯರೇ? ಹಾಸ್ಟೆಲಿನಲ್ಲಿ ಯಾವುದಾದರೂ ಪುಡಿಯೇ? ನಾನು ವಾಪಸ್ ಫೋನ್ ಮಾಡಿದೆ.

"ನಿಜ ಹೇಳು. ಎಂತ ತಗೊಂಡೆ ನೀನು?"

ಅವಳು, "ನೀವು ಸಹ ಕೇಳ್ತೀರಾ ಚಿಕ್ಕಮ್ಮ?" ಎಂದಳು. ಗೆದ್ದ ಪಾಯಿಂಟನ್ನು ಎದುರಾಳಿಯನ್ನು ಕರೆದು ಕೊಟ್ಟ ಹುಡುಗಿಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವಳನ್ನು ಎತ್ತಿ ಆಡಿಸಿದ ನನಗೇ ಆ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಬಾಯಮ್ಮ ಬಂದಾಗ ನಾನು ಅಂಗಡಿಯ ಶಟರ್ ಅರ್ಧ ಎಳೆದು ಅಳುತ್ತಿದ್ದೆ. ಅವರು ಫೋನು ತೆಗೆದುಕೊಂಡು ಓದಿದರು. ಪಾಪ ಎನ್ನಲಿಲ್ಲ. ವಾರ್ಡಿನಲ್ಲಿ ಕೇಳುವಂತೆ ನೇರವಾಗಿ ಕೇಳಿದರು.

"ಇದು ಯಾವುದರಿಂದ ಬರುದು?"

"ಬೀಜದಿಂದ. ಮರದ ಬೀಜ."

"ಯಾವ ಮರ?"

"ಕಾಸರಕ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ನಾಲಿಗೆಗೆ ಆ ದಿನದ ಕಹಿ ವಾಪಸ್ ಬಂದಿತ್ತು. ಕಾಸರಕದ ತೊಗಟೆಯೂ ವಿಷವೇ. ಆಟಿ ಅಮಾವಾಸ್ಯೆಗೆ ಪಾಲೆಯೆಂದು ಕಾಸರಕವನ್ನು ತಂದು ಕುಡಿದು ಸತ್ತವರ ಸುದ್ದಿ ನಮ್ಮ ಕಡೆ ಕೇಳದ್ದೇನೂ ಅಲ್ಲ. ಅದೆಲ್ಲ ಮರ ಗೊತ್ತಿಲ್ಲದ ಪೇಟೆಯವರ ಕತೆ ಎಂದು ನಾವು ತಿಳಿದಿದ್ದೆವು.

ಆ ದಿನದ ಕಷಾಯ, ದವಡೆ ನೋವು ಎಲ್ಲ ನನ್ನಿಂದ ಕೇಳಿ ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು. "ನಿಮ್ಗೆ ದವಡೆ ಬಿಗಿದದ್ದು ಥಂಡಿಗಲ್ಲ ಮಾರಾಯ್ತಿ. ಇನ್ನೊಂದು ಸ್ವಲ್ಪ ಹೆಚ್ಚು ಹೋಗಿದ್ರೆ ಮೈಯೆಲ್ಲ ಸೆಟೆದು, ಉಸಿರು ನಿಂತು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದದ್ದು ಸಾಲಾಗಿ ಕಣ್ಣು ಮುಚ್ಚಿ ಲೋಟ ಹಿಡಿದು ನಿಂತಿದ್ದ ನಾವು.

ಅಂದೇ ಇಬ್ಬರೂ ಬಸ್ಸು ಹತ್ತಿ ಕುಕ್ಕುಂದೂರಿಗೆ ಹೋದೆವು. ಭಾವ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ನಾನು ವಿಷಯ ಹೇಳಿದಾಗ ಅವರಿಗೆ ಸಿಟ್ಟು ಬಂತು.

"ನಂಗೆ ಪಾಲೆ ಯಾವುದು, ಕಾಸರಕ ಯಾವುದು ಗೊತ್ತಿಲ್ವಾ? ಕಣ್ಣು ಕಟ್ಟಿ ಬಿಟ್ರೂ ಹೇಳ್ತೇನೆ."

"ಹಾಗಾದ್ರೆ ಬನ್ನಿ ಭಾವ, ಮರ ತೋರಿಸಿ."

ಮನೆಯ ಹಿಂದಿನ ಇಳಿಜಾರಿನಲ್ಲಿ ಪಾಲೆ ಮರವಿತ್ತು. ಕಾಂಡದ ಮೇಲೆ ಹಳೆಯ ವರ್ಷಗಳ ಗಾಯಗಳು, ಅವುಗಳ ಮೇಲೆ ಈ ವರ್ಷದ್ದು. ಬುಡದಲ್ಲಿ ಬಿಳಿಕಲ್ಲು ಇರಲಿಲ್ಲ. ಭಾವ ಆಚೀಚೆ ನೋಡಿದರು. ಮಳೆನೀರು ಹರಿದ ಜಾಡು ಪಾಲೆಯ ಬುಡದಿಂದ ಕೆಳಕ್ಕೆ ಇಳಿದಿತ್ತು. ನಾವು ಅದರ ಜೊತೆಗೇ ಇಳಿದೆವು. ಕೆಳಗೆ ಇನ್ನೊಂದು ಮರದ ಬೇರಿಗೆ ಒತ್ತಿಕೊಂಡು ಬಿಳಿಕಲ್ಲು ನಿಂತಿತ್ತು. ಆ ಮರದ ಕಾಂಡದಲ್ಲಿ ಅಂಗೈಯಗಲದ ಒಂದೇ ಒಂದು ಗಾಯ, ಹೊಸದು. ಮೇಲೆ ಕೊಂಬೆಗಳಲ್ಲಿ ಲಿಂಬೆಯ ಗಾತ್ರದ ಕಾಸರಕದ ಕಾಯಿಗಳು.

ಮೊದಲ ಸಲ ಭಾವ ಅಭ್ಯಾಸದ ದಾರಿಯಲ್ಲಿ ಬಂದು ಪಾಲೆಯನ್ನೇ ಜಜ್ಜಿದ್ದರು. ಎರಡನೆಯ ಸಲ ಅವಸರದಲ್ಲಿ ಇನ್ನೊಂದು ಬದಿಯಿಂದ ಇಳಿದು, ಪಾದಕ್ಕೆ ಕಲ್ಲು ತಾಗಿದ ಕೂಡಲೇ ಎದುರಿಗಿದ್ದ ಕಾಂಡಕ್ಕೆ ಹೊಡೆದಿದ್ದರು. ಪಾಲೆಯಾಗಿದ್ದರೆ ಹಾಲು ಒಸರಿ ಕೈಗೆ ಅಂಟುತ್ತದೆ. ಆ ದಿನ ಸುರಿಯುವ ಮಳೆಯಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಅವರು ನಂಬಿದ್ದು ಗುರುತನ್ನು. ಗುರುತನ್ನು ರಾತ್ರಿಯ ನೀರು ಉರುಳಿಸಿಕೊಂಡು ಹೋಗಿತ್ತು.

ಭಾವ ಅಲ್ಲೇ ಒದ್ದೆ ನೆಲದಲ್ಲಿ ಕುಳಿತುಬಿಟ್ಟರು. ಆ ಗಾಯವನ್ನು ಮುಟ್ಟಿದರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಮತ್ತೆ ಮುಟ್ಟಿದರು. "ಹಂಚಿದ ಮೇಲೆ ತಂದದ್ದು ಇದು. ಮೊದಲೇ ತಂದಿದ್ರೆ ಎಲ್ಲ ಮನೆಗೂ ಹೋಗ್ತಿತ್ತು," ಎಂದರು. ಆಮೇಲೆ, "ಮಗಳಿಗೆ ನಾನೇ ಲೋಟ ಕೊಟ್ಟದ್ದು," ಎಂದರು. ಬಾಯಮ್ಮ ಅವರ ರಟ್ಟೆ ಹಿಡಿದು ಎಬ್ಬಿಸಿದರು.

ಇನ್ನು ಹೇಳಬೇಕಾದ್ದು ತನಿಖೆಯವರ ಮುಂದೆ. ಹೇಗೆ ದೇಹಕ್ಕೆ ಹೋಯಿತೆಂದು ತೋರಿಸದಿದ್ದರೆ ಹುಡುಗಿಗೆ ವರ್ಷಗಟ್ಟಲೆ ನಿಷೇಧ, ಜೊತೆಗೆ ಜೀವಮಾನವಿಡೀ ಕಳ್ಳಿ ಎಂಬ ಹೆಸರು. ತೋರಿಸಿದರೆ ಭಾವ ಮನೆಮಂದಿಗೆಲ್ಲ ವಿಷ ಕುಡಿಸಿದರು ಎಂಬುದು ಊರಿಗೆ ಗೊತ್ತಾಗುತ್ತದೆ. ಅಕ್ಕ ಒಂದು ಉಪಾಯ ತೆಗೆದಳು. ಆಟಿಯ ತೊಗಟೆಯನ್ನು ಈಗ ಪೇಟೆಯಲ್ಲೂ ಮಾರುತ್ತಾರಲ್ಲ, ಉಡುಪಿಯಿಂದ ತಂದದ್ದು ಎಂದರಾಯಿತು, ಯಾರು ಮಾರಿದ್ದೆಂದು ಯಾರಿಗೆ ನೆನಪಿರುತ್ತದೆ?

ಭಾವ ತಲೆ ತಗ್ಗಿಸಿಯೇ ಇದ್ದರು. ನ್ಯಾಯದ ಬಗ್ಗೆ ಊರಿಗೆಲ್ಲ ಭಾಷಣ ಮಾಡಿದ ನನಗೆ ಆ ಉಪಾಯ ತಪ್ಪೆಂದು ಆ ಕ್ಷಣ ಅನಿಸಲೇ ಇಲ್ಲ. ಹಾಸ್ಟೆಲಿನಿಂದ ಬಂದು ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೇ ಮಾತಾಡಿದಳು.

"ಬೇಡ ಅಮ್ಮ. ಯಾರೋ ಮಾರುವವರ ಮೇಲೆ ಹಾಕುದು ಬೇಡ. ಅಪ್ಪ ಬರದಿದ್ರೆ ನಾನು ಒಬ್ಬಳೇ ಹೇಳ್ತೇನೆ. ನಂಬಿದ್ರೆ ನಂಬ್ಲಿ."

"ನಾನು ಬರ್ತೇನೆ," ಎಂದರು ಭಾವ.

ವಿಚಾರಣೆಗೆ ದಿನ ಸಿಗುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಆ ಹೊತ್ತಿಗೆ ಇವಳು ಆಯ್ಕೆಯಾಗಬೇಕಿದ್ದ ರಾಜ್ಯ ತಂಡದ ತರಬೇತಿ ಶುರುವಾಗಿ ಮುಗಿದೂ ಹೋಗಿತ್ತು. ಕಾಲೇಜಿನಲ್ಲಿ ಇವಳು ಊಟಕ್ಕೆ ಕೂತರೆ ಕೆಲವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರಂತೆ. ಎರಡು ದಿನದಲ್ಲಿ ಮೇಲ್ಮನವಿ ಹಾಕುವ ವಕೀಲರು ನಮಗೆಲ್ಲಿ? ನಮ್ಮ ಕಡೆ ಇದ್ದದ್ದು ಒಬ್ಬ ಬಸ್ ಡ್ರೈವರ್, ಒಬ್ಬ ನಿವೃತ್ತ ನರ್ಸು, ಬೊಬ್ಬೆ ಹೊಡೆಯುವ ನಾನು.

ವಿಚಾರಣೆ ವಿಡಿಯೋ ಕಾಲಿನಲ್ಲಿ. ಭಾವ ಕಷ್ಟಪಟ್ಟು ಕನ್ನಡದಲ್ಲಿ ಹೇಳಿದರು, ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಕತ್ತಲಲ್ಲಿ ಯಾಕೆ ಹೋಗಬೇಕು, ಟಾರ್ಚ್ ಯಾಕಿಲ್ಲ, ಕತ್ತಿ ಯಾಕಿಲ್ಲ ಎಂದೆಲ್ಲ ಕೇಳಿದರು. ಪ್ರತಿ ಸಲವೂ ಭಾವ, ಅದು ಕ್ರಮ ಎಂದರು. ನಾನು ಫೋನು ಹಿಡಿದುಕೊಂಡು ಗುಡ್ಡೆ ಇಳಿದು ಎರಡೂ ಮರಗಳನ್ನು, ಎರಡೂ ಗಾಯಗಳನ್ನು, ಕಲ್ಲನ್ನು ತೋರಿಸಿದೆ. "ತಪ್ಪು ನನ್ನದು. ಮಗಳದ್ದಲ್ಲ. ನಾನು ಕೊಟ್ಟೆ, ಅವಳು ಕುಡಿದಳು," ಎಂದರು ಭಾವ. ಅಪ್ಪನ ಆ ಮಾತನ್ನು ಮಾತ್ರ ಹುಡುಗಿ ಎರಡು ಸಲ ಇಂಗ್ಲಿಷಿಗೆ ತಿರುಗಿಸಬೇಕಾಯಿತು.

ಆ ಕಡೆಯಿದ್ದ ಮೂವರಲ್ಲಿ ಒಬ್ಬರು, ತುಂಬ ಮೆತ್ತಗೆ ಮಾತಾಡುವ ಮಹಿಳೆ, ನಿಮ್ಮ ಮಾತನ್ನು ನಾವು ನಂಬುತ್ತೇವೆ ಎಂದರು. ಅವರು ಇನ್ನೂ ಮುಗಿಸಿರಲಿಲ್ಲ. ಆದರೆ ತನ್ನ ದೇಹದೊಳಗೆ ಏನು ಹೋಗುತ್ತದೋ ಅದಕ್ಕೆ ಆಟಗಾರ್ತಿಯೇ ಜವಾಬ್ದಾರಳು, ಎಂದರು. ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅದು ನನ್ನದೇ ಮಾತು. ಕೌಂಟರಿನ ಹಿಂದೆ ನಿಂತು, ಎದೆ ಉಬ್ಬಿಸಿಕೊಂಡು, ಸಿರಪ್ಪಿಗೆ ಬಂದವರಿಗೆಲ್ಲ ಹಂಚಿದ ಮಾತು. ಅದು ಇಷ್ಟು ಮೆತ್ತಗಿನ ದನಿಯಲ್ಲಿ ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತದೆಂದು ಯಾರು ಎಣಿಸಿದ್ದರು!

ನಂಬಿಯೂ ಶಿಕ್ಷೆ ಕೊಟ್ಟರು. ಇನ್ನೊಂದು ಆಟಿ ಕಳೆಯುವವರೆಗೆ ಅವಳು ಆಡುವಂತಿಲ್ಲ. ಇದಕ್ಕಿಂತ ಹೆಚ್ಚೂ ಆಗಬಹುದಿತ್ತೆಂದು ತಿಳಿದವರು ಹೇಳಿದರು. ಸಂತೋಷಪಡಬೇಕಂತೆ. ಭಾವನ ವಿಷಯ ಊರಿಗೆ ತಿಳಿಯಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಮಾತ್ರ ಒಬ್ಬ ಹುಡುಗ, "ಡ್ರೈವರೇ, ಇವತ್ತು ರೂಟ್ ಸರಿ ಗೊತ್ತುಂಟಲ್ಲ?" ಎಂದು ನಕ್ಕನಂತೆ. ಭಾವ ಕಾಸರಕದ ಮರ ಕಡಿಸಿದರು. ತೊಗಟೆ ಜಜ್ಜುವ ಕಲ್ಲನ್ನು ಏನು ಮಾಡಿದರೆಂದು ನಾನು ಕೇಳಿಲ್ಲ.

ಜನವರಿಯಲ್ಲಿ ಆಸ್ಟ್ರೇಲಿಯದ ಆಟಗಳು ಶುರುವಾದವು. ಅವು ನಮಗೆ ಬೆಳಗ್ಗೆಯೇ ಬರುತ್ತವೆ, ಅಂಗಡಿ ತೆರೆಯುವ ಹೊತ್ತಿಗೆ. ನನ್ನ ಹಳೆಯ ಆಟಗಾರ್ತಿ ಶಿಕ್ಷೆ ಮುಗಿಸಿ ಅಂದು ಮೊದಲ ಸಲ ಕೋರ್ಟಿಗೆ ಇಳಿಯುವವಳಿದ್ದಳು. ಹುಡುಗಿ ರಜೆಗೆ ಕಾಪುವಿಗೆ ಬಂದಿದ್ದಳು. ಬೇಡವೆಂದರೂ ಕೇಳದೆ ಬಾಯಮ್ಮನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಕೈಯಲ್ಲಿ ಚಹಾದ ಲೋಟ.

ದೊಡ್ಡ ಸ್ಟೇಡಿಯಂ, ಮುಖ್ಯ ಅಂಕಣ, ಒಳ್ಳೆಯ ಹೊತ್ತು. ನನಗೆ ತಡೆಯಲಾಗಲಿಲ್ಲ. "ನೋಡು ಅವಳ ಭಾಗ್ಯ! ಪುಡಿ ತಿಂದವಳು ಅಲ್ಲಿ, ಕಷಾಯ ಕುಡಿದವಳು ಇಲ್ಲಿ. ಇದು ಯಾವ ಊರಿನ ನ್ಯಾಯ?" ಎಂದೆ.

"ಅವಳಿಗೆ ನ್ಯಾಯ ಬೇಗ ಸಿಕ್ಕಿದ್ದು ತಪ್ಪಲ್ಲ ಚಿಕ್ಕಮ್ಮ," ಎಂದಳು ಹುಡುಗಿ. "ನಂಗೆ ಹಾಗೆ ಸಿಗ್ಲಿಲ್ಲ, ಅದು ತಪ್ಪು." 

"ನೀನು ಅವಳನ್ನು ನಂಬ್ತೀಯಾ?"

"ಗೊತ್ತಿಲ್ಲ. ಅವಳು ಸುಳ್ಳು ಹೇಳಿರ್ಲಿಕ್ಕೂ ಸಾಕು. ನಾನು ನೋಡ್ಲಿಲ್ಲ ಅಲ್ವಾ?" ಅನುಮಾನ ಬಂದದ್ದನ್ನು ಎದುರಾಳಿಗೆ ಕೊಟ್ಟೇ ಅಭ್ಯಾಸವಾದ ಹುಡುಗಿ. ಬಾಯಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಆಟಗಾರ್ತಿ ಸುರಂಗದಿಂದ ಹೊರಬಂದಳು. ಚಪ್ಪಾಳೆ ಬಿತ್ತು. ಅದರ ನಡುವಿನಿಂದ ಗ್ಯಾಲರಿಯ ಯಾವುದೋ ಮೂಲೆಯಲ್ಲಿ ಹೀಯಾಳಿಸುವ ಕೂಗು ಎದ್ದಿತು, ಊಳಿಡುವ ಹಾಗೆ, ಎಳೆದು ಎಳೆದು. ಆಟಗಾರ್ತಿಯ ಮುಖ ಬಿಳಿಚಿತು. ಅವಳು ಬ್ಯಾಗಿನ ಪಟ್ಟಿ ಬಿಗಿ ಹಿಡಿದು ನೆಲ ನೋಡುತ್ತ ನಡೆದಳು. ಹಿಂದಿನ ವರ್ಷವಾಗಿದ್ದರೆ ಈ ಕೌಂಟರಿನ ಹಿಂದಿನಿಂದ ನಾನೂ ಹಾಗೆಯೇ ಕೂಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ತಿರುಗಿ ನೋಡಿದರೆ ನಮ್ಮ ಹುಡುಗಿಯ ಕೈಯಲ್ಲಿ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತ್ತು.

ನಾನು ರಿಮೋಟಿಗೆ ಕೈ ಹಾಕಿ ಸದ್ದು ಕಡಿಮೆ ಮಾಡಲು ಹೋದೆ.

"ಇರ್ಲಿ ಚಿಕ್ಕಮ್ಮ," ಎಂದಳು ಅವಳು, ಟಿವಿಯಿಂದ ಕಣ್ಣು ತೆಗೆಯದೆ. "ನಂಗೂ ಅಭ್ಯಾಸ ಆಗ್ಬೇಕಲ್ಲ."